ಮಲಿಕಾಳ ರಜಾಯಿ

ನಮ್ಮ ಅಬ್ಬಾನ ಹತ್ತಿರ ಬೇರೆ ಯಾವ ವಿಷಯಕ್ಕಾದರೂ ವಾದ ಮಾಡಬಹುದು, ಚಳಿಯ ಮಾತು ಮಾತ್ರ ಎತ್ತುವ ಹಾಗಿಲ್ಲ. ಗುಂಡ್ಲುಪೇಟೆಯ ಚಳಿ ಯಾವ ಸಂದಿಯಿಂದ ಮನೆಯೊಳಗೆ ನುಗ್ಗುತ್ತದೆ, ಮನುಷ್ಯನ ಮೈಯಲ್ಲಿ ಮೊದಲು ಎಲ್ಲಿ ಹೋಗಿ ಕೂರುತ್ತದೆ ಎನ್ನುವುದೆಲ್ಲ ತಮಗೊಬ್ಬರಿಗೇ ಗೊತ್ತು ಎಂದು ಅವರು ನಂಬಿದ್ದಾರೆ. ಹಾಗೆ ನಂಬುವುದಕ್ಕೆ ಕಾರಣವೂ ಇದೆ. ಅವರ ಹೆಸರು ಅಪ್ಸರ್ ಪಾಷಾ, ಕೆಲಸ ಹಾಸಿಗೆ, ದಿಂಬು, ಹತ್ತಿ ತುಂಬಿದ ಹೊದಿಕೆ ಅಂದರೆ ರಜಾಯಿ ಹೊಲಿಯುವುದು. ನಲವತ್ತು ವರ್ಷದಿಂದ ಹತ್ತಿಯ ಧೂಳು ಕುಡಿದು ಕೆಮ್ಮುತ್ತಲೇ ಊರಿಗೆಲ್ಲ ಬೆಚ್ಚಗೆ ಹೊದಿಸಿದ್ದಾರೆ. ಊಟಿಗೆ ಹೋಗುವ ಲಾರಿಯವರು ಗಾಡಿ ನಿಲ್ಲಿಸಿ, ಬೀದಿಯಲ್ಲಿ ಕೇಳಿಕೊಂಡು ಅವರ ಅಂಗಡಿಗೆ ಬರುತ್ತಾರೆ.

ಅವರದೊಂದು ಪರೀಕ್ಷೆಯಿದೆ. ರಜಾಯಿ ಹೊಲಿದು ಮುಗಿದ ಮೇಲೆ ಅದನ್ನು ಎರಡು ಮಡಿಕೆ ಮಾಡಿ, ನಡುವೆ ಬಲಗೈ ತೂರಿಸಿ, ಕಣ್ಣು ಮುಚ್ಚಿಕೊಂಡು ಹತ್ತರವರೆಗೆ ಎಣಿಸುತ್ತಾರೆ. ಹತ್ತು ಮುಗಿಯುವುದರೊಳಗೆ ಕೈ ಬೆಚ್ಚಗಾದರೆ ರಜಾಯಿ ಗಿರಾಕಿಗೆ ಹೋಗುತ್ತದೆ. ಇಲ್ಲದಿದ್ದರೆ ಹೊಲಿಗೆ ಬಿಚ್ಚಿ, ಹತ್ತಿಯನ್ನು ಮತ್ತೆ ಮೆಷಿನ್ನಿಗೆ ಕೊಟ್ಟು ಹಿಂಜಿಸುತ್ತಾರೆ. ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೇನೆ, ಎಂಟಕ್ಕಿಂತ ಮುಂಚೆ ಅವರ ಕಣ್ಣು ತೆರೆದದ್ದಿಲ್ಲ. ಎಂಟಕ್ಕೆ ತೆರೆದರೆ ಆ ದಿನವೆಲ್ಲ ಅವರು ಮೀಸೆ ತಿರುವುವುದನ್ನು ನಿಲ್ಲಿಸಲು ಆಗುತ್ತಿರಲಿಲ್ಲ.

ನಾನು ಅವರ ಮಗಳು ನಾಜ್ನೀನ್. ತೆರಕಣಾಂಬಿಯ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ಬರೆಯಲು ಕೂತರೆ ನನಗೆ ಬರುವುದು ಕನ್ನಡವೇ, ಆದ್ದರಿಂದ ಮನೆಯ ಮಾತನ್ನೂ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಎಂಟನೇ ಕ್ಲಾಸಿನ ಮಕ್ಕಳನ್ನು ಹನ್ನೊಂದು ವರ್ಷ ಸಂಭಾಳಿಸಿದವಳಲ್ಲಿ ಬೆರಗು ಅಷ್ಟಾಗಿ ಉಳಿದಿರುವುದಿಲ್ಲ.

ನಮ್ಮ ಮನೆಗೆ ಬಾತುಕೋಳಿ ಬಂದದ್ದು ಶುಂಠಿಯ ದೆಸೆಯಿಂದ. ಸುಲ್ತಾನ್ ಬತ್ತೇರಿಯ ಒಬ್ಬ ಮಲಯಾಳಿ ನಮ್ಮ ಊರ ಹೊರಗೆ ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ. ಹೊಲದಲ್ಲೇ ಶೆಡ್ಡು ಹಾಕಿಕೊಂಡಿದ್ದವನಿಗೆ ಅಬ್ಬಾ ಒಂದು ಹಾಸಿಗೆ ಹೊಲಿದುಕೊಟ್ಟಿದ್ದರು. ಶುಂಠಿ ಕಿತ್ತು ಊರಿಗೆ ಹೊರಟವನು, ಹಾಸಿಗೆಯಲ್ಲಿ ಮಲಗಿ ಸುಖಪಟ್ಟ ನೆನಪಿಗೆ, ತಾನು ಸಾಕಿದ್ದ ಜೋಡಿಯನ್ನು ಅಬ್ಬಾನ ಕೈಗೆ ಕೊಟ್ಟು ಹೋದ. ಕೆಂಪು ಗಂಟುಮುಖದ, ಕಪ್ಪುಬಿಳಿ ಮೈಯ ದೊಡ್ಡ ಬಾತುಗಳು. ಇವು ಕ್ವಾಕ್ ಎನ್ನುವ ಜಾತಿಯಲ್ಲ, ಕೋಪ ಬಂದರೆ ಬುಸ್ ಎನ್ನುತ್ತವೆ. ಅಬ್ಬಾ ಗಂಡಿಗೆ ನವಾಬ, ಹೆಣ್ಣಿಗೆ ಮಲಿಕಾ ಎಂದು ಹೆಸರಿಟ್ಟರು. ಹಿತ್ತಲೆಲ್ಲ ಗಲೀಜು ಮಾಡುವ ಪ್ರಾಣಿಗೆ ರಾಣಿಯ ಹೆಸರೇಕೆ ಎಂದು ನಾನು ರೇಗಿದ್ದೆ.

ನವೆಂಬರಿನಲ್ಲಿ ಒಂದು ಸಂಜೆ ಅಬ್ಬಾ ಹಿತ್ತಲ ಬಾಗಿಲು ಹಾಕುವುದನ್ನು ಮರೆತರು. ಬೀದಿನಾಯಿ ನವಾಬನನ್ನು ಎಳೆದುಕೊಂಡು ಹೋಯಿತು. ಅಬ್ಬಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಲಿಕಾ ಆಗಲೇ ಮೊಟ್ಟೆ ಇಡಲು ಶುರು ಮಾಡಿದ್ದಳು, ಒಂಬತ್ತಾದ ಮೇಲೆ ನಿಲ್ಲಿಸಿ ಡಿಸೆಂಬರಿನ ಮೊದಲ ವಾರ ಕಾವು ಕೂತಳು. ಈ ಜಾತಿ ಗುಂಡ್ಲುಪೇಟೆಯಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ನವಾಬನ ಪೀಳಿಗೆ ಅಂತ ಉಳಿದಿದ್ದರೆ ಆ ಒಂಬತ್ತು ಮೊಟ್ಟೆಯೊಳಗೇ ಉಳಿಯಬೇಕಿತ್ತು.

"ಗಂಡನ್ನ ನಾನು ಕಳೆದೆ," ಎಂದರು ಅಬ್ಬಾ, ಅಮ್ಮನಿಗೂ ನನಗೂ ಕೇಳುವ ಹಾಗೆ. "ಮಕ್ಕಳನ್ನಾದರೂ ಇವಳಿಗೆ ಉಳಿಸಿಕೊಡ್ತೀನಿ. ಮೂವತ್ತೈದು ದಿನ ಚಳಿ ಇವಳ ಹತ್ತಿರ ಸುಳಿಯೋಕೆ ಬಿಡಲ್ಲ."

ಕಷ್ಟ ಶುರುವಾದದ್ದೇ ಈ ಪ್ರತಿಜ್ಞೆಯಿಂದ.

ಹಿತ್ತಲಲ್ಲಿ ನೀರಿನ ಟ್ಯಾಂಕಿನ ಕೆಳಗೆ ಹಳೆಯ ಮರದ ಪೆಟ್ಟಿಗೆಯೊಂದರಲ್ಲಿ ಮಲಿಕಾ ಕೂತಿದ್ದಳು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬೀಸತೊಡಗಿದ ದಿನವೇ ಅಬ್ಬಾ ಪೆಟ್ಟಿಗೆಯ ಸಂದಿಗೊಂದಿಗೆಲ್ಲ ಹತ್ತಿ ತುರುಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಮುಂದೆ ಗೋಣಿ ಇಳಿಬಿಟ್ಟರು. ಗಾಳಿ ಹೋಗಲಿ, ಬೆಳಕೂ ಒಳಗೆ ನುಗ್ಗುವ ಹಾಗಿರಲಿಲ್ಲ. ಬೆಳಿಗ್ಗೆ ಗೋಣಿ ಎತ್ತಿ ನೋಡಿದರೆ ಪ್ಲಾಸ್ಟಿಕ್ಕಿನ ಒಳಮೈಯೆಲ್ಲ ನೀರು. ಮಲಿಕಾಳ ಉಸಿರೇ ಹನಿಗಟ್ಟಿ ಅವಳ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು, ಕೆಳಗಿನ ಹುಲ್ಲು ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ಪಕ್ಕದ ಮನೆಯ ರಾಚಮ್ಮ ಗೋಡೆಯಾಚೆಯಿಂದ ಇಣುಕಿದಳು. ಕೂಲಿಗೆ ಹೋಗುವ ಹೆಂಗಸು, ಹುಟ್ಟಿದಾಗಿಂದ ಕೋಳಿ ಸಾಕಿದವಳು. ಅರಿಸಿನ ಕೀಳುವ ಕಾಲವಾದ್ದರಿಂದ ಅವಳ ಎರಡೂ ಕೈ ಹಳದಿಯಾಗಿದ್ದವು.

"ಉಸ್ರಾಡಕ್ಕೂ ಜಾಗ ಬುಡದಂಗೆ ಮುಚ್ಬುಟ್ಟಿದ್ದೀಯಲ್ಲ ಪಾಸಣ್ಣ! ಚಳಿ ಅದ್ಕೇನೂ ಮಾಡಾಕಿಲ್ಲ. ತ್ಯಾವ ಆದ್ರೆ ಮಾತ್ರ ಓಯ್ತದೆ ಕಣ."

"ರಾಚಮ್ಮ, ಕೋಳಿ ವಿಷ್ಯ ನೀನು ನೋಡ್ಕೋ, ಚಳಿ ವಿಷ್ಯ ನಂಗೆ ಬುಡು," ಎಂದರು ಅಬ್ಬಾ.

"ಆಯ್ತು ಬುಡಪ್ಪ. ನಿನ್ ಚಳಿಗೆ ನಮಸ್ಕಾರ," ಎಂದಳು. ಆದರೂ ಸುಮ್ಮನೆ ಹೋಗಲಿಲ್ಲ. ಗೋಡೆ ಬಳಸಿ ಬಂದು ಪ್ಲಾಸ್ಟಿಕ್ ಕಿತ್ತೆಸೆದಳು, ಗಾಳಿ ಬಾರದ ಕಡೆ ಮೇಲ್ಗಡೆ ಒಂದು ಹಲಗೆ ಸಡಿಲಿಸಿದಳು, ತನ್ನ ಮನೆಯಿಂದ ಒಣ ಭತ್ತದ ಹುಲ್ಲು ತಂದು ಒದ್ದೆ ಹುಲ್ಲಿನ ಜಾಗಕ್ಕೆ ತುಂಬಿದಳು. ಬೆಳಿಗ್ಗೆ ಕುಡಿಯಲು ಉಗುರುಬೆಚ್ಚಗಿನ ನೀರು ಕೊಡಬೇಕು, ಮೂಗು ಮುಳುಗುವಷ್ಟು ಆಳದ ಪಾತ್ರೆಯಲ್ಲಿ ಕೊಡಬೇಕು ಎಂದು ಅಮ್ಮನಿಗೆ ಹೇಳಿಕೊಟ್ಟಳು. ಹುಲ್ಲು ಒಣಗಿದ ಮೇಲೆ ಮಲಿಕಾ ನೆಮ್ಮದಿಯಾಗಿ ಕೂತಳು. ಅಬ್ಬಾ ಒಪ್ಪಿಕೊಳ್ಳಲಿಲ್ಲ, ಬಿಚ್ಚಿದ ಹಲಗೆಯನ್ನು ಮತ್ತೆ ಮುಚ್ಚಲೂ ಇಲ್ಲ.

ದಿನಕ್ಕೊಮ್ಮೆ, ಮಧ್ಯಾಹ್ನ ಬಿಸಿಲೇರಿದ ಹೊತ್ತಿಗೆ, ಮಲಿಕಾ ಗೂಡಿನಿಂದ ಇಳಿಯುತ್ತಿದ್ದಳು. ತಿಂದು, ಕುಡಿದು, ಬಾಂಡಲಿಯ ನೀರಿನಲ್ಲಿ ಮೈ ಒದ್ದೆ ಮಾಡಿಕೊಂಡು ಅರ್ಧ ಗಂಟೆಯೊಳಗೆ ವಾಪಸ್. ಆ ಹೊತ್ತಿನಲ್ಲಿ ಅಬ್ಬಾ ಅಂಗಡಿಯಲ್ಲಿ, ನಾನು ಶಾಲೆಯಲ್ಲಿ. ಕಾಳು ಹಾಕುತ್ತಿದ್ದ ಅಮ್ಮ, ಅಂದರೆ ತಾಹಿರಾ ಬೇಗಂ, ಬಾತುಕೋಳಿಯ ಮೈಯನ್ನೆಲ್ಲ ತಡವಿ ನೋಡುವ ಪೈಕಿ ಅಲ್ಲ. ಹೀಗಾಗಿ ಇಪ್ಪತ್ತೆಂಟನೆಯ ದಿನದವರೆಗೆ ಯಾರೂ ಅವಳ ಎದೆ ನೋಡಿರಲಿಲ್ಲ.

ಅದು ಹೊಸ ವರ್ಷದ ಮಾರನೆಯ ದಿನ. ಬೆಳಿಗ್ಗೆಯಿಂದ ಊರಿಗೆಲ್ಲ ಕರೆಂಟಿಲ್ಲ. ಹತ್ತಿ ಹಿಂಜುವ ಮೆಷಿನ್ ನಿಂತುಹೋದ್ದರಿಂದ ಅಬ್ಬಾ ಅಂಗಡಿಯ ಬಾಗಿಲು ಹಾಕಿಕೊಂಡು ಮನೆಗೆ ಬಂದರು. ಅದೇ ಹೊತ್ತಿಗೆ ಮಲಿಕಾ ಇಳಿದಳು. ನೀರಿನಿಂದ ಎದ್ದು ರೆಕ್ಕೆ ಕೊಡವಿದಾಗ ಅವಳ ಎದೆ ಕಂಡಿತು. ಅಂಗೈಯಷ್ಟು ಜಾಗ ಬೋಳು! ಕೆಂಪಗೆ ಬರಿಯ ಚರ್ಮ.

ಚಳಿ ಹೊಕ್ಕಿದೆ, ಪುಕ್ಕ ಉದುರುತ್ತಿದೆ, ಇನ್ನೆರಡು ದಿನಕ್ಕೆ ಇವಳೂ ಇಲ್ಲ, ಮೊಟ್ಟೆಯೂ ಇಲ್ಲ! ಹೀಗೆಂದು ಅಬ್ಬಾ ಅಮ್ಮನ ಮುಂದೆ ಅತ್ತೇಬಿಟ್ಟರಂತೆ. ಗೂಡಿಗೆ ಬಗ್ಗಿದರೆ ಅಲ್ಲಿ ರಾಶಿ ತುಪ್ಪಳ, ಪುಕ್ಕದ ಅಡಿಯ ಮೆತ್ತನೆಯದು, ಹೊಗೆಯ ಬಣ್ಣದ್ದು, ಮೊಟ್ಟೆಗಳೇ ಕಾಣದಷ್ಟು. ಉದುರಿದ್ದೆಲ್ಲ ಇಲ್ಲೇ ಬಿದ್ದಿದೆ ಎಂದುಕೊಂಡರು.

ಮುಂದೆ ಅವರು ಮಾಡಿದ್ದನ್ನು ಲೋಕದಲ್ಲಿ ಒಬ್ಬ ರಜಾಯಿ ಹೊಲಿಯುವವನು ಮಾತ್ರ ಮಾಡಬಲ್ಲ. ತುಪ್ಪಳವನ್ನೆಲ್ಲ ಆರಿಸಿ ತೆಗೆದರು. ಮೊಟ್ಟೆಗಳ ಕೆಳಗೆ, ತಮ್ಮಲ್ಲಿದ್ದ ಅತ್ಯುತ್ತಮ ಹತ್ತಿ ತುಂಬಿ, ಕೆಂಪು ಮಖಮಲ್ಲಿನ ಪುಟ್ಟ ಹಾಸಿಗೆ ಹೊಲಿದು ಹಾಸಿದರು. ಮೇಲೆ ಹೊದಿಸಲು ಅದೇ ಮಖಮಲ್ಲಿನ ಪುಟ್ಟ ರಜಾಯಿ. ಆಮೇಲೆ, ಅವಳ ಮೈಯಿಂದ ಹೋದದ್ದು ಅವಳಿಗೇ ಸೇರಲಿ ಎಂದು, ಆರಿಸಿದ ತುಪ್ಪಳವನ್ನು ಪೂರ್ತಿ ತುಂಬಿ, ಎದೆ ಮುಚ್ಚುವಂಥ ಒಂದು ಅಂಗಿ ಹೊಲಿದರು. ನಾಲ್ಕು ಕಡೆ ಲಾಡಿ. ಮಲಿಕಾಳನ್ನು ಹಿಡಿದು ಅಂಗಿ ಕಟ್ಟುವಷ್ಟರಲ್ಲಿ ಅಬ್ಬಾನ ಎರಡೂ ಮುಂಗೈ ಪರಚಿ ರಕ್ತವಾಗಿತ್ತು. ಗಂಟೆ ಎರಡಾಗಿತ್ತು.

ನಾನು ಶಾಲೆ ಮುಗಿಸಿ ಬಸ್ಸಿಳಿದು ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಹಿತ್ತಲ ಮಧ್ಯದಲ್ಲಿ ಮಖಮಲ್ಲಿನ ಅಂಗಿ ತೊಟ್ಟ ಬಾತುಕೋಳಿ ನಿಂತಿತ್ತು. ಮೊದಲು ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅಬ್ಬಾನ ಮುಖ ನೋಡಿದೆ.

"ಮೂರು ಗಂಟೆ ಹೊತ್ತಾಯ್ತು, ಗೂಡಿಗೆ ಹತ್ತುತ್ತಿಲ್ಲ ನಾಜ್ನೀನ್. ಹೋಗ್ತಾಳೆ, ನೋಡ್ತಾಳೆ, ಇಳೀತಾಳೆ. ಇಷ್ಟು ಮೆತ್ತಗೆ ಹಾಸಿದೀನಿ. ಯಾಕೆ ಕೂರಲ್ಲ?"

ರಜಾಯಿಯ ಕೆಳಗೆ ಕೈಯಿಟ್ಟೆ. ಮೊಟ್ಟೆಗಳು ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ, ಆದರೆ ಬೆಚ್ಚಗಿವೆ ಎನ್ನುವ ಹಾಗೂ ಇರಲಿಲ್ಲ. ಮಖಮಲ್ಲಿನ ಮೇಲೆ ಜಾರಿ ಎರಡು ಮೊಟ್ಟೆ ಪೆಟ್ಟಿಗೆಯ ಹಲಗೆಗೆ ತಾಗಿ ನಿಂತಿದ್ದವು, ಅವು ಮಾತ್ರ ಕಲ್ಲಿನಷ್ಟು ತಣ್ಣಗಿದ್ದವು. ಬಿಸಿಲು ಇಳಿಯುತ್ತಿತ್ತು, ಬೆಟ್ಟದ ಗಾಳಿ ಎದ್ದಿತ್ತು.

ಆಗ ಮಲಿಕಾ ಮತ್ತೆ ಪೆಟ್ಟಿಗೆ ಹತ್ತಿದಳು. ನಮ್ಮಿಬ್ಬರನ್ನೂ ನೋಡಿ ಬುಸ್ ಎಂದಳು. ಕೊಕ್ಕಿನಿಂದ ರಜಾಯಿಯನ್ನು ಎಳೆದು ಆಚೆ ಹಾಕಿದಳು. ಮೊಟ್ಟೆಗಳನ್ನು ಒಂದೊಂದಾಗಿ ನೂಕಿ ಒಟ್ಟು ಮಾಡಲು ನೋಡಿದಳು, ಅವು ಜಾರಿ ಜಾರಿ ಬೇರೆಯಾದವು. ಕೊನೆಗೆ ಕತ್ತು ಬಗ್ಗಿಸಿ ತನ್ನ ಎದೆಗೆ ಕೊಕ್ಕು ಹಾಕಿದಳು. ಕೊಕ್ಕಿಗೆ ಸಿಕ್ಕಿದ್ದು ಅಂಗಿ. ಅದನ್ನೇ ಕಚ್ಚಿ ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

"ಅಬ್ಬಾ, ಅಂಗಿ ಬಿಚ್ಚಿ," ಎಂದೆ.

"ಚಳಿಗೆ ಸತ್ತೋಗ್ತಾಳೆ."

"ಬಿಚ್ಚಿ ಅಬ್ಬಾ! ಅವಳೇನೋ ಮಾಡೋಕೆ ನೋಡ್ತಿದ್ದಾಳೆ."

ನಾನೇ ಲಾಡಿ ಎಳೆದೆ. ಪರಚಿಸಿಕೊಂಡೆ, ಆದರೂ ಬಿಚ್ಚಿದೆ. ಅಂಗಿ ಕಳಚಿದ ಕ್ಷಣ ಮಲಿಕಾ ಮತ್ತೆ ಕತ್ತು ಬಗ್ಗಿಸಿದಳು. ಬೋಳು ಜಾಗದ ಅಂಚಿನಲ್ಲಿ ಉಳಿದಿದ್ದ ತುಪ್ಪಳವನ್ನು ಕೊಕ್ಕಿನಲ್ಲಿ ಹಿಡಿದು ಕಿತ್ತಳು. ಕಿತ್ತದ್ದನ್ನು ತಂದು ಮೊಟ್ಟೆಯ ಪಕ್ಕ ಇಟ್ಟಳು. ಮತ್ತೆ ಕಿತ್ತಳು. ಮತ್ತೆ ಇಟ್ಟಳು. ಒಂದು ಸದ್ದಿಲ್ಲ, ಒಂದು ಒದ್ದಾಟವಿಲ್ಲ. ಕೆಲಸ ಬಲ್ಲವರು ಕೆಲಸ ಮಾಡುವಾಗ ಇರುವ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ. ಅಂಗಡಿಯಲ್ಲಿ ಅಬ್ಬಾನ ಮುಖ ಹಾಗಿರುವುದನ್ನು ನಾನು ನೋಡಿದ್ದೇನೆ.

ನಾವಿಬ್ಬರೂ ನೋಡುತ್ತ ನಿಂತೆವು. ಉದುರಿದ್ದಲ್ಲ. ಅವಳೇ ಕಿತ್ತದ್ದು. ಇಪ್ಪತ್ತೆಂಟು ದಿನ ನಮ್ಮ ಹಿತ್ತಲಲ್ಲಿ, ನಮ್ಮ ಮೂಗಿನ ಕೆಳಗೆ, ಒಂದು ಬಾತುಕೋಳಿ ತನ್ನ ಎದೆಯನ್ನು ತಾನೇ ಬಿಚ್ಚಿ ಮಕ್ಕಳಿಗೆ ಹಾಸಿಗೆ ಮಾಡಿತ್ತು. ನಾವದನ್ನು ಕಾಯಿಲೆ ಎಂದುಕೊಂಡಿದ್ದೆವು.

ಅಬ್ಬಾ ಕೆಳಗೆ ಬಿದ್ದಿದ್ದ ಅಂಗಿ ಎತ್ತಿಕೊಂಡರು. ಕತ್ತರಿ ಹುಡುಕುವ ತಾಳ್ಮೆಯೂ ಇಲ್ಲದೆ, ತಾವೇ ಹಾಕಿದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದರು. ಒಳಗಿದ್ದ ತುಪ್ಪಳ ಒಮ್ಮೆಗೇ ಉಬ್ಬಿ ಹೊರಬಂತು. ಅಷ್ಟು ಹೊತ್ತು ಅಮುಕಿಸಿಕೊಂಡಿದ್ದರೂ ಒಂದು ಎಳೆ ಗಂಟಾಗಿರಲಿಲ್ಲ. ಮಖಮಲ್ಲನ್ನು ಎಳೆದು ಬಿಸಾಕಿದೆವು, ಹುಲ್ಲಿನ ಮೇಲೆ ಮೊಟ್ಟೆ ಜೋಡಿಸಿದೆವು, ಸುತ್ತ ತುಪ್ಪಳ ಇಟ್ಟೆವು. ಎಲ್ಲ ಮುಗಿದ ಮೇಲೂ ಅಬ್ಬಾನ ಬಲಗೈ ಒಳಗೇ ಉಳಿಯಿತು. ಅಭ್ಯಾಸಬಲ. ಕಣ್ಣು ಮುಚ್ಚಿ ಎಣಿಸತೊಡಗಿದರು.

"ಒಂದು. ಎರಡು. ಮೂರು."

ಮೂರಕ್ಕೆ ಕಣ್ಣು ತೆರೆದರು. ನನ್ನನ್ನು ನೋಡಿದರು.

"ಕೈ ಹಾಕು," ಎಂದರು.

ನಾನೂ ಹಾಕಿದೆ. ಒಳಗೆ ಕೈಗೆ ಯಾವುದೂ ತಾಗಿದಂತೆ ಅನ್ನಿಸಲಿಲ್ಲ. ತೂಕವಿಲ್ಲ, ಒತ್ತಡವಿಲ್ಲ, ಬಟ್ಟೆಯೋ ಹತ್ತಿಯೋ ಎನ್ನುವಂಥ ಯಾವ ಗುರುತೂ ಇಲ್ಲ. ಬಿಸಿ ಮಾತ್ರ ಇತ್ತು, ನನ್ನದೇ ಕೈಯ ಬಿಸಿ, ನನ್ನನ್ನು ಬಿಟ್ಟು ಎಲ್ಲಿಗೂ ಹೋಗದೆ ಅಲ್ಲೇ ನಿಂತಿತ್ತು. ಸುಲಭಕ್ಕೆ ಬೆರಗಾಗುವವಳಲ್ಲ ಎಂದೆನಲ್ಲ, ಆ ಮಾತನ್ನು ಇಲ್ಲಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಲಿಕಾ ನಮ್ಮಿಬ್ಬರ ಕೈಯನ್ನೂ ಕುಕ್ಕಿ ಆಚೆ ತಳ್ಳಿ ಗೂಡು ಹತ್ತಿ ಕೂತಳು. ಬೋಳು ಎದೆಯನ್ನು ನೇರವಾಗಿ ಮೊಟ್ಟೆಗಳಿಗೆ ತಾಗಿಸಿ, ಅತ್ತಿತ್ತ ಹೊರಳಾಡಿ, ಸುತ್ತಲಿನ ತುಪ್ಪಳವನ್ನು ಕೊಕ್ಕಿನಿಂದ ಒಳಕ್ಕೆಳೆದುಕೊಂಡಳು.

"ನೋಡಿದ್ಯಾ?" ಎಂದರು ಅಬ್ಬಾ, ಮಸೀದಿಯಲ್ಲಿ ಮಾತಾಡುವಷ್ಟು ಮೆಲ್ಲಗೆ. "ಎದೆ ಮೇಲೆ ತುಪ್ಪಳ ಇದ್ದರೆ ಅವಳ ಬಿಸಿ ಮೊಟ್ಟೆಗೆ ಮುಟ್ಟಲ್ಲ. ಅದಕ್ಕೆ ಕಿತ್ತಳು. ಕಿತ್ತದ್ದು ಮೊಟ್ಟೆ ಬಿಸಿ ಆಚೆ ಹೋಗದ ಹಾಗೆ ಹಾಸಿದಳು. ಒಂದೇ ಕೆಲಸದಲ್ಲಿ ಎರಡೂ. ಒಂದು ಎಳೆ ದಂಡ ಇಲ್ಲ. ಇದನ್ನ ಇವಳಿಗೆ ಯಾವ ಉಸ್ತಾದ್ ಕಲಿಸಿದ ನಾಜ್ನೀನ್?"

ಅವರೇ ಮೇಲೆ ನೋಡಿ "ಸುಭಾನಲ್ಲಾ" ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು.

ಆದರೆ ಮೂರು ಗಂಟೆ ಹೊತ್ತಿನ ಚಳಿ ಮೊಟ್ಟೆಯೊಳಗೆ ಏನು ಮಾಡಿತ್ತೋ ಯಾರಿಗೂ ಗೊತ್ತಿರಲಿಲ್ಲ. ಅರಿಸಿನದ ಹೊಲದಿಂದ ಬಂದ ರಾಚಮ್ಮ ಕಥೆ ಕೇಳಿ ತಲೆಯ ಮೇಲೆ ಕೈ ಹೊತ್ತಳು.

"ಅಯ್ಯೋ, ಏನ್ ಕೆಲ್ಸ ಮಾಡ್ಬುಟ್ಟೆ ಪಾಸಣ್ಣ! ನಮ್ ಕೋಳಿಗೊಳು ಇಂಗೆಲ್ಲ ಕಿತ್ತಾಕಾಕಿಲ್ಲ, ನಂಗೂ ಇದು ಒಸ್ದೇಯ. ಈಗ ಮುಟ್ಬ್ಯಾಡಿ. ಇನ್ನೈದು ದಿನ ಓಗ್ಲಿ, ನೀರ್ಗೆ ಬುಟ್ಟು ನೋಡನ. ಒಳಗೆ ಜೀವ ಇದ್ರೆ ಅದೇ ಯೋಳ್ತದೆ."

ಆ ಐದು ದಿನ ಅಬ್ಬಾ ಅಂಗಡಿಯಲ್ಲಿ ಒಂದು ದಿಂಬನ್ನೂ ಸರಿಯಾಗಿ ಹೊಲಿಯಲಿಲ್ಲ. ಗಿರಾಕಿಗಳ ಹತ್ತಿರ ಚಳಿಯ ಮಾತೆತ್ತಲಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಎದ್ದು, ಬೆಚ್ಚಗಿನ ನೀರಿಟ್ಟು, ಪೆಟ್ಟಿಗೆಯಿಂದ ದೂರ ಕಲ್ಲಿನ ಮೇಲೆ ಕೂತು ಮಲಿಕಾಳನ್ನು ನೋಡುತ್ತಿದ್ದರು. ಇಬ್ಬನಿ ಅವಳ ಬೆನ್ನ ಮೇಲೆ ಮಣಿಮಣಿಯಾಗಿ ನಿಂತು, ಒಳಗಿಳಿಯದೆ ಉರುಳಿಹೋಗುತ್ತಿತ್ತು. ಹೆಸರು ಕೂಗಿದರೂ ಅಬ್ಬಾಗೆ ಕೇಳುತ್ತಿರಲಿಲ್ಲ. ನಾನು ಮೊದಲಿನ ಹಾಗೆ ಛೇಡಿಸಲು ಹೋಗಲಿಲ್ಲ. ಎರಡು ದಿನ ನಾನೂ ಪಕ್ಕದಲ್ಲಿ ಕೂತೆ.

ಮೂವತ್ತಮೂರನೆಯ ದಿನ ಭಾನುವಾರ. ಮಧ್ಯಾಹ್ನ ಮಲಿಕಾ ಇಳಿಯುವ ಮೊದಲು ಗೂಡಿನ ತುಪ್ಪಳವನ್ನು ಮೊಟ್ಟೆಗಳ ಮೇಲೆ ಎಳೆದು ಪೂರ್ತಿ ಮುಚ್ಚಿದಳು. ದಿನಾ ಹೀಗೇ ಮುಚ್ಚುತ್ತಿದ್ದಳಂತೆ, ನಾನು ಕಂಡದ್ದು ಅವತ್ತೇ. ಅವಳು ನೀರಿಗೆ ಹೋದ ಕೂಡಲೇ ರಾಚಮ್ಮ ಅಗಲವಾದ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತಂದಿಟ್ಟು ಮೊಟ್ಟೆಗಳನ್ನು ಮೆಲ್ಲಗೆ ಬಿಟ್ಟಳು. ಒಂಬತ್ತೂ ತೇಲಿದವು. ಅಬ್ಬಾ ಗೋಡೆಯ ಕಡೆ ತಿರುಗಿ ನಿಂತರು.

"ನಂಗೆ ನೋಡೋಕಾಗಲ್ಲ. ನೀನು ನೋಡಿ ಹೇಳು."

ನೀರು ಅಲುಗುತ್ತಿತ್ತು, ಮೊಟ್ಟೆಗಳೂ ಅಲುಗುತ್ತಿದ್ದವು.

"ತಡಿ ಕಣಮ್ಮಿ, ನೀರು ನಿಂತ್ಕಳ್ಲಿ," ಎಂದಳು ರಾಚಮ್ಮ.

ನೀರು ನಿಂತಿತು. ಮೊಟ್ಟೆಗಳೂ ನಿಂತವು. ಬೇಸಿನ್ನಿನಲ್ಲಿ ಆಕಾಶ ಕಾಣುವಷ್ಟು ನೀರು ಸ್ಥಿರವಾಯಿತು. ನಾನು ಎಷ್ಟು ಹೊತ್ತು ನೋಡಿದೆನೋ, ಏನೂ ಆಗಲಿಲ್ಲ. ಅಬ್ಬಾನ ಬೆನ್ನು ನೋಡಿದೆ, ಏನು ಹೇಳಲಿ ಎಂದು ಮಾತು ಹುಡುಕತೊಡಗಿದೆ.

ಆಗ ಒಂದು ಮೊಟ್ಟೆ ಅದುರಿತು. ಯಾರೂ ಮುಟ್ಟಿರಲಿಲ್ಲ, ಗಾಳಿಯೂ ಇರಲಿಲ್ಲ. ತಾನಾಗಿ ಒಮ್ಮೆ ಪಕ್ಕಕ್ಕೆ ವಾಲಿ, ಸರಿಯಾಗಿ, ಮತ್ತೆ ವಾಲಿತು. ಅದರ ಸುತ್ತ ನೀರಿನಲ್ಲಿ ಸಣ್ಣ ಉಂಗುರ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ಬಾಗಿಲೇ ಇಲ್ಲದ ಮನೆಯೊಳಗಿಂದ ಯಾರೋ ಕಾಲು ಝಾಡಿಸುತ್ತಿದ್ದರು.

"ಅಬ್ಬಾ, ತಿರುಗಿ. ತಿರುಗಿ ನೋಡಿ."

ಅಬ್ಬಾ ತಿರುಗಿದರು. ಬೇಸಿನ್ನಿನ ಪಕ್ಕ ಮಂಡಿಯೂರಿದರು. ಮುಟ್ಟಲು ಬಂದ ಕೈಯನ್ನು ತಾವೇ ಹಿಂದಕ್ಕೆಳೆದು ಎದೆಯ ಮೇಲೆ ಇಟ್ಟುಕೊಂಡರು. ಅಡುಗೆಮನೆಯಿಂದ ಬಂದ ಅಮ್ಮ ಒದ್ದೆ ಕೈಯಲ್ಲೇ ಸೆರಗು ತಲೆಗೆಳೆದುಕೊಂಡು ನಿಂತುಬಿಟ್ಟಳು. ಅರಿಸಿನದ ಕೈಯ ರಾಚಮ್ಮ, ನೂರಾರು ಮರಿ ಮಾಡಿಸಿದ ರಾಚಮ್ಮ, ಅವಳೂ ಕೈ ಮುಗಿದಳು.

ಏಳು ಅಲುಗಿದವು. ಎರಡು ಅಲುಗಲಿಲ್ಲ. ಎಷ್ಟು ಕಾದರೂ ಅಲುಗಲಿಲ್ಲ. ಮಖಮಲ್ಲಿನಿಂದ ಜಾರಿ ಹಲಗೆಗೆ ತಾಗಿ ನಿಂತಿದ್ದ ಎರಡು ಇವೇನೋ ಎಂದು ನನಗೆ ಅನ್ನಿಸಿತು.

"ಇವ್ನ ತೆಗ್ದುಬುಡು ಪಾಸಣ್ಣ. ಕೊಳ್ತು ಒಡುದ್ರೆ ಮಿಕ್ಕವ್ಕೂ ತೊಂದ್ರೆ."

ಅಬ್ಬಾ ಏಳನ್ನು ಬಟ್ಟೆಯಲ್ಲಿ ಒರೆಸಿ ತುಪ್ಪಳದೊಳಗೆ ಇಟ್ಟು ಮುಚ್ಚಿದರು. ಉಳಿದ ಎರಡನ್ನು ಅಂಗೈಯಲ್ಲಿ ಹಿಡಿದು ಅಲ್ಲೇ ಕೂತರು. ಮಲಿಕಾ ನೀರು ಕೊಡವಿಕೊಂಡು ಬಂದಳು, ಪೆಟ್ಟಿಗೆ ಹತ್ತಿದಳು, ಕೊಕ್ಕು ಆಡಿಸಿ ಏಳನ್ನೂ ಎದೆಯಡಿ ಸೇರಿಸಿಕೊಂಡು ಕೂತಳು. ಕೂತ ಮೇಲೆ ಒಮ್ಮೆ ತಲೆ ಎತ್ತಿ ಅಬ್ಬಾನ ಕಡೆ ನೋಡಿದಳು. ಬುಸ್ ಎನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗಿತ್ತು ಅಬ್ಬಾನ ಮುಖ.

"ಏಳು ಅವಳು ಉಳಿಸಿಕೊಂಡದ್ದು," ಎಂದರು. "ಈ ಎರಡು ನಾನು ಬೆಚ್ಚಗಿಟ್ಟದ್ದು."

ನಾನು ಒಳಗೆ ಹೋಗಿ, ಅವೆರಡನ್ನು ಹೂಳಲು ಗುದ್ದಲಿ ತಂದುಕೊಟ್ಟೆ.